ನುಸಿ ಬಿಟ್ಟ ಎಳೆ

ಆ ಅಂಗಡಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬೀದಿಯ ತಿರುವಿಗೆ ಬಂದರೆ ಸಾಕು, ಮೂಗೇ ಕೈಹಿಡಿದು ಕರೆತರುತ್ತಿತ್ತು. ನುಸಿಗುಳಿಗೆಯ ವಾಸನೆ ಅಲ್ಲಿಂದಲೇ ಶುರುವಾಗುತ್ತಿತ್ತು. ಉಣ್ಣೆಯ ಕೋಟು, ಶಾಲು, ಕಂಬಳಿಗಳಲ್ಲಿ ನುಸಿ ಕೊರೆದ ತೂತುಗಳನ್ನು, ಅದೇ ಬಟ್ಟೆಯ ಒಳಅಂಚಿನಿಂದ ಎಳೆ ಬಿಡಿಸಿಕೊಂಡು, ಹಾಸುಹೊಕ್ಕಾಗಿ ನೇಯ್ದು ಮುಚ್ಚುವುದು ಅಜ್ಜಿಯ ಕಸುಬು. ಅಜ್ಜಿ ಮುಚ್ಚಿದ ತೂತನ್ನು ಅಜ್ಜಿಯೇ ಮರುದಿನ ಹುಡುಕಿದರೂ ಸಿಗುವುದಿಲ್ಲ ಎಂದು ಗಿರಾಕಿಗಳು ಹೊಗಳುತ್ತಿದ್ದರು. "ಸಿಗದೆ ಏನು? ಕಣ್ಣಿಗೆ ಸಿಗಲ್ಲ, ಬೆರಳಿಗೆ ಸಿಗುತ್ತೆ," ಎನ್ನುತ್ತಿದ್ದಳು ಅಜ್ಜಿ.

ಪಕ್ಕದ ಬೇಕರಿಯವನಿಗೂ ಅವಳಿಗೂ ಈ ವಾಸನೆಯ ವಿಷಯದಲ್ಲಿ ಇಪ್ಪತ್ತು ವರ್ಷದ ಜಗಳ.

"ಅಜ್ಜಿ, ನನ್ನ ಬನ್ನು ತಿಂದೋರು ಇದರಲ್ಲಿ ಯಾವ ಕಂಪನಿ ಔಷಧಿ ಹಾಕಿದ್ದೀಯ ಅಂತ ಕೇಳ್ತಾರೆ."

"ಹಾಗೇ ಇರಲಿ ಬಿಡೋ. ನಿನ್ನ ಬನ್ನು ತಿಂದ ಮೇಲೆ ಹೇಗೂ ಔಷಧಿ ಬೇಕೇ ಬೇಕು."

ಅಂಗಡಿಯ ಹಿಂದೆ ಅಡುಗೆಮನೆ, ಮರದ ಮೆಟ್ಟಿಲು ಹತ್ತಿದರೆ ಎರಡು ಕೋಣೆ. ತಾಯಿ ತೀರಿಕೊಂಡ ಮೇಲೆ ಮೊಮ್ಮಕ್ಕಳಿಬ್ಬರನ್ನೂ ಅಜ್ಜಿ ಅಲ್ಲೇ ಬೆಳೆಸಿದ್ದಳು. ದೊಡ್ಡವಳಿಗೆ ಮದುವೆಯಾಗಿ, ಬಸ್ಸು ಓಡಿಸುವ ಗಂಡ ಅದೇ ಮನೆಗೆ ಬಂದು ಸೇರಿಕೊಂಡಿದ್ದ. ಚಿಕ್ಕವಳು ಡಿಗ್ರಿ ಮುಗಿಸಿ ಅಂಗಡಿಯ ಚೀಟಿ ಬರೆಯುತ್ತಿದ್ದಳು. ತೆಳ್ಳಗೆ, ಸದ್ದಿಲ್ಲದೆ, ಯಾರ ಕಣ್ಣಿಗೂ ಬೀಳದಂತೆ ಓಡಾಡುವ ಅವಳಿಗೆ ಅಜ್ಜಿ ಸೂಜಿ ಎಂದೇ ಹೆಸರಿಟ್ಟಿದ್ದಳು. ಗಿರಾಕಿಗಳು ಬಂದರೆ ಸೂಜಿ ತಲೆ ತಗ್ಗಿಸಿ ಚೀಟಿ ತುಂಬಿಸುತ್ತಿದ್ದಳು. ಚೀಟಿಯಲ್ಲಿ ಮೂರೇ ಸಾಲು: ಬಟ್ಟೆ ಏನು, ತೂತು ಎಲ್ಲಿ, ಯಾವಾಗ ಬೇಕು. ಈ ಮೂರು ಪ್ರಶ್ನೆಗಳಾಚೆ ಅವಳು ಹೊರಗಿನವರ ಜೊತೆ ಮಾತಾಡಿದ್ದು ಕಡಿಮೆ.

ಅಕ್ಕನಿಗೆ ಗಂಡುಮಗುವಾಯಿತು. ಅರವತ್ತು ವರ್ಷಗಳಲ್ಲಿ ಆ ಸಂಸಾರದಲ್ಲಿ ಹುಟ್ಟಿದ ಮೊದಲ ಗಂಡು. ಅಜ್ಜಿಗೆ ಮಗಳೊಬ್ಬಳೇ, ಮಗಳಿಗೂ ಇಬ್ಬರು ಹೆಣ್ಣುಮಕ್ಕಳೇ. ಆಸ್ಪತ್ರೆಯಿಂದ ಮಗು ಮನೆಗೆ ಬರುವ ದಿನ ಅಜ್ಜಿ ತಗಡಿನ ಟ್ರಂಕಿನ ತಳದಿಂದ ಒಂದು ಪುಟ್ಟ ರಜಾಯಿ ತೆಗೆದಳು. ಸೂಜಿ ಕೂಸಾಗಿದ್ದಾಗ ಹೊದ್ದದ್ದು, ಅದಕ್ಕೂ ಮುಂಚೆ ಅಕ್ಕ, ಅದಕ್ಕೂ ಮುಂಚೆ ಅಮ್ಮ. ಇಪ್ಪತ್ತೈದು ವರ್ಷ ಒಂದು ನುಸಿಯೂ ಮುಟ್ಟದ ಹಾಗೆ ಅಜ್ಜಿ ಅದನ್ನು ಕಾಪಾಡಿದ್ದಳು. ವರ್ಷಕ್ಕೊಮ್ಮೆ ತೆಗೆದು, ಮಡಿಕೆ ಬದಲಿಸಿ, ಹೊಸ ಗುಳಿಗೆ ಹಾಕಿ ಮತ್ತೆ ಇಡುತ್ತಿದ್ದಳು. ಬಿಳಿ ಗುಂಡುಗಳನ್ನು ಕೊಡವಿ, ಮಗುವಿಗೆ ಕುತ್ತಿಗೆಯವರೆಗೆ ಸುತ್ತಿ, "ನೋಡು, ನಿಮ್ಮಜ್ಜಿ ಮೈಮೇಲಿತ್ತು, ನಿಮ್ಮಮ್ಮನ ಮೈಮೇಲಿತ್ತು, ಈಗ ನಿನ್ನ ಸರದಿ ರಾಜ," ಎಂದಳು. ಮೂರು ದಿನ ಕೂಸನ್ನು ಕೆಳಗಿಡಲಿಲ್ಲ. ಹಾಲು ಕುಡಿಸುವುದಕ್ಕೆ ಮಾತ್ರ ಅಕ್ಕನಿಗೆ ಸಾಲ ಕೊಟ್ಟಂತೆ ಕೊಡುತ್ತಿದ್ದಳು.

ನಾಲ್ಕನೆಯ ದಿನ ಮಗುವಿನ ಕಣ್ಣು ಹಳದಿಯಾಯಿತು. ಹುಟ್ಟಿದ ಮಕ್ಕಳಿಗೆ ಇದೆಲ್ಲ ಇದ್ದದ್ದೇ, ಬೆಳಗಿನ ಬಿಸಿಲಿಗೆ ಹಿಡಿದರೆ ಸರಿಹೋಗುತ್ತದೆ ಎಂದರು ನೋಡಲು ಬಂದವರು. ಸಂಜೆಯ ಹೊತ್ತಿಗೆ ಮಗು ಹಾಲು ಬಿಟ್ಟಿತು. ಬಟ್ಟೆ ಬದಲಿಸಲು ಹೋದ ಸೂಜಿ ಅಲ್ಲೇ ನಿಂತುಬಿಟ್ಟಳು. ಬಿಳಿ ಬಟ್ಟೆಯ ಮೇಲೆ ಹಾಲಿಲ್ಲದ ಚಹಾದ ಬಣ್ಣದ ಉಚ್ಚೆಯ ಕಲೆ. ಬಟ್ಟೆಯನ್ನೇ ಎತ್ತಿ ಭಾವನಿಗೆ ತೋರಿಸಿದಳು.

ಮಕ್ಕಳ ಡಾಕ್ಟರಮ್ಮ ಮಗುವಿನ ಕಣ್ಣು ನೋಡಿದರು, ಹೊಟ್ಟೆ ಮುಟ್ಟಿದರು, ಬಟ್ಟೆಯ ಕಲೆ ನೋಡಿದರು. ಆಮೇಲೆ ಯಾರೂ ಎಣಿಸದ ಕೆಲಸ ಮಾಡಿದರು. ಬಾಗಿ ರಜಾಯಿಯನ್ನು ಮೂಸಿದರು.

"ಏನಿದು ವಾಸನೆ?"

ಅಜ್ಜಿ, ಅಕ್ಕ, ಭಾವ, ಸೂಜಿ ನಾಲ್ವರೂ ಮುಖಮುಖ ನೋಡಿಕೊಂಡರು.

"ಯಾವ ವಾಸನೆ?" ಎಂದಳು ಅಕ್ಕ.

ಅವಳು ನಿಜವನ್ನೇ ಹೇಳುತ್ತಿದ್ದಳು. ನಾಲ್ವರಿಗೂ ಅದು ವಾಸನೆಯೇ ಆಗಿರಲಿಲ್ಲ, ಮನೆಯಾಗಿತ್ತು.

ಹನ್ನೊಂದು ದಿನ ಮಗು ಆಸ್ಪತ್ರೆಯಲ್ಲಿ, ಕಾಮಾಲೆ ಇಳಿಸುವ ನೀಲಿ ದೀಪದ ಕೆಳಗೆ ಮಲಗಿತು. ಎರಡು ಸಲ ಅದಕ್ಕೆ ಬೇರೆಯವರ ರಕ್ತ ಕೊಟ್ಟರು. ಐದನೆಯ ದಿನ ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿ ಹೇಳಿದರು. ಕೆಂಪು ರಕ್ತಕಣಗಳು ತಮ್ಮನ್ನು ಕಾಪಾಡಿಕೊಳ್ಳಲು ಒಂದು ಕಿಣ್ವ ಬೇಕು, ಈ ಮಗುವಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಸುಮ್ಮನಿದ್ದರೆ ಏನೂ ಆಗುವುದಿಲ್ಲ. ಆದರೆ ಕೆಲವು ಮಾತ್ರೆ, ಕೆಲವು ಕಾಳು, ಮುಖ್ಯವಾಗಿ ಈ ನುಸಿಗುಳಿಗೆ, ಇವು ಮೈಗೆ ಸೇರಿದರೆ ಕಣಗಳು ಒಡೆಯುತ್ತವೆ. ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವಂಥದ್ದು. ಮನೆಯ ಹೆಂಗಸರ ರಕ್ತವನ್ನೂ ನೋಡಬೇಕು.

ಅರವತ್ತು ವರ್ಷ ಸೂಜಿ ಹಿಡಿದ ಅಜ್ಜಿ, ತೋಳಿಗೆ ಸೂಜಿ ಚುಚ್ಚಿಸಿಕೊಳ್ಳುವಾಗ ಕಣ್ಣು ಮುಚ್ಚಿ ಭಾವನ ಕೈ ಹಿಡಿದಿದ್ದಳು. ಫಲಿತಾಂಶ ಬಂದಿತು. ಸೂಜಿಗೆ ಆ ಕೊರತೆ ಇರಲಿಲ್ಲ. ಅಕ್ಕನಿಗೆ ಇತ್ತು. ಅಜ್ಜಿಗೂ ಇತ್ತು.

ಅಜ್ಜಿ ಮನೆಗೆ ಬಂದು, ಟ್ರಂಕು, ಬೀರು, ಗಿರಾಕಿಗಳ ಗಂಟು, ಎಲ್ಲದರಿಂದ ಗುಳಿಗೆಗಳನ್ನು ಆರಿಸಿ, ಡಬ್ಬಿಗೆ ತುಂಬಿ, ಭಾವನ ಕೈಗೆ ಕೊಟ್ಟು, "ನಿನ್ನ ಬಸ್ಸು ಎಲ್ಲಿಯವರೆಗೆ ಹೋಗುತ್ತೋ ಅಲ್ಲಿ ಎಸೆದು ಬಾ," ಎಂದಳು. ಮರುದಿನದಿಂದ ಗೋಡೆ ಒರೆಸಿದಳು, ನೆಲ ಉಜ್ಜಿದಳು, ಬಟ್ಟೆ ಬಿಸಿಲಿಗೆ ಹಾಕಿದಳು. ಮಗು ಗುಣವಾಗಿ ಮನೆಗೆ ಬಂದ ದಿನ ತನ್ನ ಹಾಸಿಗೆಯನ್ನು ಕೆಳಗೆ ಅಂಗಡಿಗೆ ತಂದುಕೊಂಡಳು. ಮತ್ತೆ ಮೆಟ್ಟಿಲು ಹತ್ತಲಿಲ್ಲ.

ಒಂದು ತಿಂಗಳು ಹೀಗೇ ಹೋಯಿತು. ಮಗು ಮೇಲೆ ಅತ್ತರೆ ಕೆಳಗೆ ಅಜ್ಜಿಯ ಕೈಯ ಸೂಜಿ ನಿಲ್ಲುತ್ತಿತ್ತು. ಅಳು ನಿಂತ ಮೇಲೆ ಮತ್ತೆ ಓಡುತ್ತಿತ್ತು. ಅಕ್ಕ ಮಗುವನ್ನು ಕೆಳಗೆ ತಂದರೆ, ಗಿರಾಕಿಗಳ ಬಟ್ಟೆಯ ನೆಪ ಹೇಳಿ ಅಜ್ಜಿ ಹಿತ್ತಲಿಗೆ ಹೋಗುತ್ತಿದ್ದಳು. ಅಕ್ಕನಿಗೆ ಮೊದಲು ಅಯ್ಯೋ ಅನ್ನಿಸಿತು, ಆಮೇಲೆ ಸಿಟ್ಟು ಬಂತು.

"ನನ್ನ ಮಗ ಏನು ತೂತು ಬಿದ್ದ ಕೋಟಾ, ಸರಿಹೋಗೋವರೆಗೆ ಮೂಲೇಲಿ ನೇತುಹಾಕೋಕೆ?" ಎಂದಳು ಸೂಜಿಯ ಹತ್ತಿರ.

ಆ ವಾರವೇ ಅಜ್ಜಿ ಇನ್ನೊಂದು ಮಾತು ಹೇಳಿದಳು. ಮೂರು ಬೀದಿ ಆಚೆ, ಬೀಗದ ಅಂಗಡಿಯ ಮೇಲೆ ಒಂದು ಕೋಣೆ ಖಾಲಿಯಿದೆಯಂತೆ. ಭಾನುವಾರ ಅಲ್ಲಿಗೆ ಹೋಗುತ್ತಾಳಂತೆ. ಕೆಲಸವೂ ಅಲ್ಲೇ, ಊಟವೂ ಅಲ್ಲೇ.

ಸೂಜಿ ಆ ಮಧ್ಯಾಹ್ನ ಅಜ್ಜಿಯ ಎದುರು ಸ್ಟೂಲು ಎಳೆದುಕೊಂಡು ಕೂತಳು. ಅಜ್ಜಿ ಒಂದು ಬೂದುಬಣ್ಣದ ಕೋಟಿನ ಮೊಣಕೈ ಮುಚ್ಚುತ್ತಿದ್ದಳು.

"ಅಜ್ಜಿ, ಹೋಗಬೇಡ."

"ಹೋಗಲೇಬೇಕು ಕಣೇ. ಈ ಮೈಯಲ್ಲಿ, ಈ ಬಟ್ಟೇಲಿ ಎಲ್ಲಿ ಉಳಿದಿದೆಯೋ ಏನೋ. ನಮಗೆ ಮೂಗಿಲ್ಲವಲ್ಲ. ಎಂದೋ ಸತ್ತುಹೋಗಿದೆ ನಮ್ಮ ಮೂಗು."

"ಎಲ್ಲ ತೊಳೆದಾಯ್ತಲ್ಲ."

"ಬಟ್ಟೆ ತೊಳೀಬಹುದು. ರಕ್ತ ತೊಳೆಯೋಕಾಗುತ್ತಾ?" ಅಜ್ಜಿ ಎಳೆ ಕಚ್ಚಿ ತುಂಡರಿಸಿದಳು. ಕೋಟಿಗೇ ಹೇಳುವಂತೆ ಹೇಳಿದಳು. "ನಿನಗೆ ಹೇಳಿದ್ದೆನೋ ಇಲ್ಲವೋ. ನಮ್ಮಪ್ಪ ಅಮ್ಮ ಕಾಲುವೆ ತೋಡೋ ಕೆಲಸಕ್ಕೆ ಹೋಗಿದ್ರು. ನಿಂತ ನೀರಿನ ಪಕ್ಕ ತಗಡಿನ ಶೆಡ್ಡು. ನಾವು ನಾಲ್ಕು ಮಕ್ಕಳು. ಒಂದು ವರ್ಷ ಚಳಿಜ್ವರ ಬಂತು. ಇಬ್ಬರು ಅಕ್ಕಂದಿರು ಹೋದ್ರು, ಅಣ್ಣ ಹೋದ. ನನಗೂ ಬಂತು ಜ್ವರ, ಆದ್ರೆ ಬಂದ ಹಾಗೇ ಬಿಟ್ಟುಹೋಯ್ತು. ನನಗಾಗ ಏಳು ವರ್ಷ. ಅಕ್ಕಂದಿರೇ ನನಗಿಂತ ಗಟ್ಟಿ ಇದ್ರು ಕಣೇ. ನಾನೇ ಪೀಚು."

ಸೂಜಿ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಇಷ್ಟು ವರ್ಷ ಅಂದ್ಕೊಂಡಿದ್ದೆ, ನನ್ನನ್ನ ಏನೋ ಒಳ್ಳೇದಕ್ಕೆ ಉಳಿಸಿದ್ದಾರೆ ಅಂತ. ನಿಮ್ಮನ್ನ ಸಾಕೋದಕ್ಕಿರಬೇಕು ಅಂತ. ಈಗ ಗೊತ್ತಾಯ್ತು. ಈ ಕೆಟ್ಟದ್ದನ್ನ ಹೊತ್ತು ತಂದು ಆ ಕೂಸಿಗೆ ಮುಟ್ಟಿಸೋಕೆ ಉಳಿದದ್ದು ನಾನು."

"ಹಾಗಲ್ಲ," ಎಂದಳು ಸೂಜಿ.

"ಹಾಗಲ್ಲ ಅಂದ್ರೆ ಹೇಗೆ? ನೀನು ಓದಿದವಳು, ಹೇಳು. ಕೊಳೆತ ಎಳೆ ಇದ್ರೆ ಒಂದು ಸಲ ಎಳೆದಾಗ್ಲೇ ಹರಿಯುತ್ತೆ. ಇದು ಇಷ್ಟು ಕೆಟ್ಟದ್ದಾದ್ರೆ, ನಮ್ಮಮ್ಮನಿಂದ ನನಗೆ, ನನ್ನಿಂದ ನಿಮ್ಮಮ್ಮನಿಗೆ, ಎಲ್ಲೂ ಹರಿಯದೆ ಹೇಗೆ ಬಂತು?"

ಸೂಜಿ ಓದಿದ್ದು ವಾಣಿಜ್ಯ. ಉತ್ತರ ಇದ್ದವರು ಡಾಕ್ಟರಮ್ಮ ಒಬ್ಬರೇ, ಅವರನ್ನು ಕೇಳಬೇಕು. ಶುಕ್ರವಾರ ಮಗುವನ್ನು ತೋರಿಸುವ ದಿನ. ಆದರೆ ಆಸ್ಪತ್ರೆಯ ಹನ್ನೊಂದು ದಿನಗಳಲ್ಲಿ ಡಾಕ್ಟರಮ್ಮನೊಂದಿಗೆ ಅವಳು ಆಡಿದ್ದು ಒಂದೇ ಪದ, "ಹ್ಞೂಂ."

ಶುಕ್ರವಾರ ಅಕ್ಕ ಮಗುವನ್ನು ತೂಕದ ತಟ್ಟೆಯಲ್ಲಿ ಮಲಗಿಸುತ್ತಿದ್ದಾಗ, ಸೂಜಿ ಮಗುವಿನ ಫೈಲನ್ನು ಮೇಜಿನ ಮೇಲಿಟ್ಟಳು. ಫೈಲಿಗೆ ಅಂಗಡಿಯ ಚೀಟಿಯೊಂದನ್ನು ಪಿನ್ನಿನಿಂದ ಚುಚ್ಚಿದ್ದಳು, ಕೋಟಿನ ತೋಳಿಗೆ ಚುಚ್ಚುವ ಹಾಗೆ. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಓದಿದರು.

"ಬಟ್ಟೆ ಏನು: ಅಜ್ಜಿ. ತೂತು ಎಲ್ಲಿ: ಇದು ಇಷ್ಟು ಕೆಟ್ಟದ್ದಾದರೆ ಇಷ್ಟು ತಲೆಮಾರು ಹರಿಯದೆ ಹೇಗೆ ಉಳಿಯಿತು ಎಂದು ಕೇಳುತ್ತಾಳೆ. ಮಗುವನ್ನು ಎತ್ತಿಕೊಳ್ಳುವುದಿಲ್ಲ." ಅವರು ತಲೆಯೆತ್ತಿದರು. "ಯಾವಾಗ ಬೇಕು ಅನ್ನೋದನ್ನ ತುಂಬಿಸಿಲ್ಲವಲ್ಲ?"

"ಇವತ್ತೇ," ಎಂದಳು ಸೂಜಿ.

ಅಕ್ಕ ತಂಗಿಯ ಕಡೆ ತಿರುಗಿ ನೋಡಿದಳು, ಯಾರೋ ಹೊಸಬರು ಮಾತಾಡಿದಂತೆ.

ಡಾಕ್ಟರಮ್ಮ ಸ್ಟೆತಾಸ್ಕೋಪನ್ನು ಕುತ್ತಿಗೆಯಿಂದ ತೆಗೆದಿಟ್ಟರು. "ನಿಮ್ಮಜ್ಜಿ ಚಿಕ್ಕವರಿದ್ದಾಗ ಎಲ್ಲಿದ್ರು?"

ಸೂಜಿ ತಡವರಿಸುತ್ತ ಹೇಳಿದಳು. ಕಾಲುವೆ, ನಿಂತ ನೀರು, ತಗಡಿನ ಶೆಡ್ಡು, ಚಳಿಜ್ವರ, ಮೂವರು ಹೋದದ್ದು. ಎಂದೂ ಅವಳು ಅಷ್ಟುದ್ದ ಮಾತಾಡಿರಲಿಲ್ಲ.

"ಹಾಗಾದ್ರೆ ಕೇಳಿ," ಎಂದರು ಡಾಕ್ಟರಮ್ಮ. "ಚಳಿಜ್ವರದ, ಅಂದ್ರೆ ಮಲೇರಿಯಾದ, ರೋಗಾಣು ಬೆಳೆಯೋದು ಕೆಂಪು ರಕ್ತಕಣದ ಒಳಗೆ. ಅದಕ್ಕೆ ಗಟ್ಟಿ ಕಣ ಬೇಕು, ವಾಸಕ್ಕೆ ಮನೆ ಬೇಕಾದ ಹಾಗೆ. ಈ ಕಿಣ್ವ ಕಡಿಮೆ ಇರೋ ಕಣ ಬಲಹೀನ, ಅದರಲ್ಲಿ ರೋಗಾಣು ಸರಿಯಾಗಿ ತಳ ಊರೋಕಾಗಲ್ಲ. ನಿಮ್ಮಜ್ಜಿಯಂಥ ಹೆಂಗಸರಲ್ಲಿ ಎರಡು ಬಗೆಯ ಕಣಗಳೂ ಬೆರೆತಿರುತ್ತವೆ. ಒಳ್ಳೆಯದರಿಂದ ದಿನನಿತ್ಯ ನಡೆಯುತ್ತೆ. ಬಲಹೀನವಾದ್ದರಿಂದ ಜ್ವರ ಪೂರ್ತಿ ಮೇಲೇಳಲ್ಲ. ಜ್ವರ ಬರೋದೇ ಇಲ್ಲ ಅಂತಲ್ಲ, ಬಂದರೂ ಸಾಯೋದು ಕಡಿಮೆ ಅಂತ. ಜ್ವರ ಇದ್ದ ಕಡೆಯಲ್ಲೆಲ್ಲ ಇಂಥವರು ಸ್ವಲ್ಪ ಹೆಚ್ಚು ಉಳಿದರು. ಉಳಿದವರಿಗೆ ಮಕ್ಕಳಾದವು. ಹೀಗೆ ಸಾವಿರಾರು ವರ್ಷ ಇದು ದಾಟಿಕೊಂಡು ಬಂತು."

"ಅಂದ್ರೆ ಒಳ್ಳೇದಾ ಇದು?" ಅಕ್ಕ ಕೇಳಿದಳು.

"ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ಜ್ವರ ಇರೋ ಕಡೆ ಒಂದು, ಜ್ವರ ಇಲ್ಲದ ಕಡೆ ಇನ್ನೊಂದು. ಯಾರೂ ಕೂತು ಆರಿಸಿದ್ದಲ್ಲ. ನಿಮ್ಮಜ್ಜಿ ಉಳಿದದ್ದು ಇದರಿಂದಲೇ ಅಂತ ನಾನು ಆಣೆ ಇಟ್ಟು ಹೇಳಲಾರೆ. ಆದ್ರೆ ಇರಬಹುದು. ಖಂಡಿತ ಇರಬಹುದು."

"ಮಗುಗೆ?"

"ಮಗುಗೆ ಇದರಿಂದ ಲಾಭ ಏನಿಲ್ಲ, ಇಲ್ಲಿ ಆ ಜ್ವರವೇ ಇಲ್ಲ. ಪಟ್ಟಿ ಕೊಟ್ಟಿದ್ದೀನಲ್ಲ, ಅದರಲ್ಲಿರೋದರಿಂದ ದೂರ ಇಟ್ಟರೆ ಸಾಕು. ನೂರು ವರ್ಷ ಬದುಕ್ತಾನೆ. ತೂಕ ನೋಡಿ, ಈಗಲೇ ಗುಂಡು." ಚೀಟಿಯನ್ನು ಫೈಲಿನಿಂದ ಬಿಚ್ಚಿ, ಹಿಂದೆ ಏನೋ ಗೀಚಿ, ಸೂಜಿಯ ಕೈಗೆ ಕೊಟ್ಟರು. ಹೊರಗೆ ಬಂದು ನೋಡಿದರೆ ಹೀಗಿತ್ತು: ಅಜ್ಜಿ ಮಗುವನ್ನು ದಿನಕ್ಕೆ ಎರಡು ಬಾರಿ ಎತ್ತಿಕೊಳ್ಳತಕ್ಕದ್ದು. ಊಟದ ನಂತರ.

ಅಕ್ಕ ಬಸ್ಸಿನಲ್ಲಿ ಕೂತು ನಗುತ್ತ ನಗುತ್ತ ಅತ್ತಳು.

ಚೀಟಿ ತೋರಿಸಿದರೆ ಅಜ್ಜಿ ನಗಲಿಲ್ಲ. "ಡಾಕ್ಟರಿಗೆ ತಮಾಷೆ," ಎಂದಳು. ಅವಳ ಗಂಟುಮೂಟೆ ಆಗಲೇ ಗೋಡೆಗೆ ಒರಗಿತ್ತು. ಸೂಜಿ ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಬಾಯಿ ತೆರೆದಾಗ ಕಿಣ್ವ, ಕಣ, ರೋಗಾಣು ಎಲ್ಲ ಸಿಕ್ಕುಸಿಕ್ಕಾಗಿ ಹೊರಬಂದವು. ಅಜ್ಜಿ ತನ್ನ ಹೊಲಿಗೆ ಸೂಜಿಗೆ ದಾರ ಪೋಣಿಸುತ್ತ, "ಏನೇ ಅದು, ಕಣಕ್ಕೆ ಮನೆಯಂತೆ ಬಾಡಿಗೆಯಂತೆ, ನನಗೊಂದೂ ತಿಳೀಲಿಲ್ಲ," ಎಂದಳು.

ಮೇಜಿನ ಮೇಲೆ ಹಿಂದಿನ ದಿನ ಬಂದ ಕಂಬಳಿಯೊಂದು ಬಿದ್ದಿತ್ತು. ಉದ್ದ ಎಳೆಯ ಹಾಸು ಹತ್ತಿಯದು, ಅಡ್ಡ ಎಳೆಯ ಹೊಕ್ಕು ಉಣ್ಣೆಯದು. ಯಾರೋ ವರ್ಷಗಟ್ಟಲೆ ಅಟ್ಟದಲ್ಲಿ ಮರೆತಿದ್ದರು. ನುಸಿ ಹೊಟ್ಟೆತುಂಬ ತಿಂದಿತ್ತು. ಉಣ್ಣೆ ಹೋದ ಕಡೆಯಲ್ಲೆಲ್ಲ ಬರೀ ಹತ್ತಿಯ ಎಳೆಗಳು ಸಾಲಾಗಿ, ಕಿಟಕಿಯ ಸರಳುಗಳಂತೆ ಉಳಿದಿದ್ದವು. ಸೂಜಿ ಅದನ್ನು ಎಳೆದು ಅಜ್ಜಿಯ ಮಡಿಲಿಗೆ ಹಾಕಿದಳು.

"ಅಜ್ಜಿ, ಇದರಲ್ಲಿ ಉಣ್ಣೆ ಒಳ್ಳೇದಾ, ಹತ್ತಿ ಒಳ್ಳೇದಾ?"

"ಕಂಬಳಿಗೆ ಉಣ್ಣೆಯೇ ಅಲ್ಲವೇನೇ. ಬೆಚ್ಚಗಿರೋದು ಅದು. ಹತ್ತಿ ಹಾಕಿರೋದು ಕಾಸು ಉಳಿಸೋಕೆ."

"ಮತ್ತೆ ಒಳ್ಳೇದು ಹೋಗಿ ಇದು ಯಾಕೆ ಉಳಿದಿದೆ?"

"ನುಸಿ ಹತ್ತಿ ತಿನ್ನಲ್ಲ, ಅದಕ್ಕೆ."

ಎಂದವಳು ಅಲ್ಲಿಗೇ ನಿಂತಳು. ಅವಳ ಬೆರಳು ಒಂದು ಹತ್ತಿ ಎಳೆಯ ಮೇಲೆ ಹೋಗಿ, ಅದರುದ್ದಕ್ಕೂ ನಿಧಾನವಾಗಿ ಹರಿದು, ಉಣ್ಣೆ ಇನ್ನೂ ಉಳಿದಿದ್ದ ಜಾಗಕ್ಕೆ ಬಂದು ಮುಟ್ಟಿತು. ಬೀದಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಕೇಳಿಸಿತು, ದೂರ ಹೋಯಿತು.

"ನನ್ನೊಳಗೆ ಎರಡೂ ಇದೆ ಅಂದ್ರಾ?"

"ಹ್ಞೂಂ. ಎರಡೂ ಬೆರೆತಿದೆ."

"ಅಕ್ಕಂದಿರು ಬರೀ ಉಣ್ಣೆ."

ಸೂಜಿ ಕಂಬಳಿಯ ಇನ್ನೊಂದು ಅಂಚನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ದೊಡ್ಡಕ್ಕ ನನ್ನನ್ನ ಎತ್ಕೊಂಡು ಒಂದು ಬಿಂದಿಗೆ ನೀರನ್ನೂ ಎತ್ತಿ ತರ್ತಿದ್ಲು," ಎಂದಳು ಅಜ್ಜಿ. "ಅಂಥ ಗಟ್ಟಿ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನಗೆ ಒಂದೇ ಅನುಮಾನ ಇತ್ತು ಕಣೇ, ಅರವತ್ತು ವರ್ಷದಿಂದ. ಅವರ ಪಾಲಿನ ಬದುಕನ್ನ ನಾನು ಕದ್ದೆನೇನೋ ಅಂತ. ಈಗ ಈ ಕೂಸಿಗೂ ಹಾಗೇ ಮಾಡ್ದೆನೇನೋ ಅಂತ."

"ಯಾರೂ ಆರಿಸಿದ್ದಲ್ಲವಂತೆ ಅಜ್ಜಿ. ಡಾಕ್ಟರಮ್ಮ ಹಾಗೇ ಹೇಳಿದ್ರು."

"ನುಸಿಗೆ ಏನು ಗೊತ್ತು, ಯಾವ ಎಳೆ ಯಾರದು ಅಂತ." ಅಜ್ಜಿ ಕಂಬಳಿಯನ್ನು ಮಡಿಚತೊಡಗಿದಳು. "ಸರಿ. ಆದ್ರೆ ರಜಾಯಿ ಸುತ್ತಿದ್ದು ನಾನೇ."

"ಸುತ್ತಿದ್ದು ನೀನೇ. ಮೂಸಿ ನೋಡದೇ ಇದ್ದದ್ದು ನಾಲ್ಕೂ ಜನ."

ಅಜ್ಜಿ ಮೊಮ್ಮಗಳ ಮುಖವನ್ನು ದೃಷ್ಟಿಸಿ ನೋಡಿದಳು. "ಇವತ್ತು ಬಹಳ ಮಾತಾಡ್ತಿದ್ದೀಯ," ಎಂದಳು. ಗಂಟುಮೂಟೆಯ ಕಡೆ ನೋಡಿ ಮತ್ತೆ ಹಿಂಜರಿದಳು. "ಮೈಯಲ್ಲಿ ಇನ್ನೂ ವಾಸನೆ ಇದ್ರೆ? ನಮ್ಮ ಮೂಗನ್ನ ನಂಬೋದು ಹೇಗೆ?"

ಆಗ ಸೂಜಿಗೆ ಹೊಳೆಯಿತು. ಅವಳು ಎದ್ದು ಪಕ್ಕದ ಬೇಕರಿಗೆ ಹೋದಳು. ಇಪ್ಪತ್ತು ವರ್ಷದಿಂದ ಈ ಮನೆಯ ವಾಸನೆಯನ್ನು ದಿನಾ ಮೂಸಿ ದೂರಿದ ಮೂಗು ಅದೊಂದೇ.

ಬೇಕರಿಯವನು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ನಿಂತ. ಅಜ್ಜಿ ಸ್ನಾನ ಮಾಡಿ, ಮೂರು ಸಲ ಒಗೆದು ಬಿಸಿಲಿಗೆ ಹಾಕಿದ್ದ ಸೀರೆ ಉಟ್ಟು, ಪರೀಕ್ಷೆಗೆ ನಿಂತ ಶಾಲೆಯ ಹುಡುಗಿಯಂತೆ ಎರಡೂ ಕೈ ಮುಂದೆ ಚಾಚಿದಳು. ಅವನು ಬಾಗಿ ಕೈ ಮೂಸಿದ, ತೋಳು ಮೂಸಿದ, ಸೆರಗಿನ ತುದಿ ಮೂಸಿದ, ಬಾಗಿಲ ಪರದೆ ಮೂಸಿದ. ಅಕ್ಕ ಮಗುವನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು.

"ಏನಪ್ಪ, ನಾಯಿ ಹಾಗೆ ಮೂಸ್ತಾನೇ ಇದ್ದೀಯ, ಏನಾದ್ರೂ ಹೇಳು."

"ಸೋಪು," ಎಂದ ಬೇಕರಿಯವನು. ಇನ್ನೊಂದು ಸಲ ಮೂಸಿದ. "ಸೋಪು, ಬಿಸಿಲು. ಆಮೇಲೆ ಸ್ವಲ್ಪ ನನ್ನ ಬನ್ನು."

"ನುಸಿಗುಳಿಗೆ?"

"ಇಲ್ಲ ಅಜ್ಜಿ." ಅವನ ದನಿ ಮೆತ್ತಗಾಯಿತು. "ನಿಜ ಹೇಳ್ಬೇಕು ಅಂದ್ರೆ, ತಿಂಗಳಿಂದ ಬೀದೀನೇ ದಾರಿ ತಪ್ಪಿದ ಹಾಗೆ ಅನ್ನಿಸ್ತಿದೆ."

ಅಕ್ಕ ಕೆಳಗಿಳಿದು ಬಂದಳು. ಮಗುವನ್ನು ಅಜ್ಜಿಯ ಚಾಚಿದ ಕೈಗಳ ಮೇಲಿಟ್ಟಳು. ಮಗಳನ್ನೂ ಮೊಮ್ಮಕ್ಕಳನ್ನೂ ಎತ್ತಿ ಬೆಳೆಸಿದ ಅಭ್ಯಾಸ ತಾನಾಗಿ ಬಂದಂತೆ, ಅಜ್ಜಿಯ ಒಂದು ಅಂಗೈ ಕುತ್ತಿಗೆಯ ಕೆಳಗೆ, ಇನ್ನೊಂದು ಬೆನ್ನಿನ ಕೆಳಗೆ ಸೇರಿಕೊಂಡಿತು. ಮಗು ಕಣ್ಣು ಬಿಟ್ಟು ನೋಡಿತು. ಕಣ್ಣಿನ ಬಿಳಿ ಹಾಲಿನಷ್ಟು ಬಿಳಿಯಾಗಿತ್ತು.

"ಯಾರಪ್ಪ ನೀನು?" ಎಂದಳು ಅಜ್ಜಿ. "ತಿಂಗಳಾಯ್ತು, ಗುರುತೇ ಸಿಗ್ತಿಲ್ಲ. ದೊಡ್ಡ ಮನುಷ್ಯನಾಗಿಬಿಟ್ಟಿದ್ದೀಯ. ನಾಳೆಯಿಂದ ನಿನ್ನ ಪಟ್ಟಿ ನಾನು ಬಾಯಿಪಾಠ ಮಾಡ್ತೀನಿ, ಆಯ್ತಾ? ಏನು ತಿನ್ನಬಾರದು, ಏನು ಮೂಸಬಾರದು. ನೀನೂ ಕಲಿ, ನಿನ್ನ ಮಗಳಿಗೂ ಹೇಳಿಕೊಡು."

ಮಗು ಅದನ್ನು ಗಂಭೀರವಾಗಿ ಕೇಳಿಸಿಕೊಂಡು, ಅಜ್ಜಿಯ ಮಡಿಲ ತುಂಬ ಒದ್ದೆ ಮಾಡಿತು.

"ಅಯ್ಯೋ, ಕೊಡು ಇಲ್ಲಿ," ಎಂದು ಅಕ್ಕ ಕೈ ಚಾಚಿದಳು. ಅಜ್ಜಿ ಕೊಡಲಿಲ್ಲ. ಮಗುವನ್ನು ಎಡಗೈಗೆ ಬದಲಿಸಿಕೊಂಡು, ಅದರ ಕೆಳಗಿದ್ದ ಬಿಳಿ ಹತ್ತಿ ಬಟ್ಟೆಯನ್ನು ಬಲಗೈಯಿಂದ ಎಳೆದು, ಬಾಗಿಲಿನ ಬೆಳಕಿಗೆ ಎತ್ತಿ ಹಿಡಿದಳು, ಗಿರಾಕಿಯ ಶಾಲಿನಲ್ಲಿ ತೂತು ಹುಡುಕುವಾಗ ಹಿಡಿಯುವ ಹಾಗೆ. ಈ ಮೂಲೆಯಿಂದ ಆ ಮೂಲೆಯವರೆಗೆ ಚಹಾದ ಬಣ್ಣ ಹುಡುಕಿದಳು.

"ನೀರು," ಎಂದಳು. "ಬರೀ ನೀರು."

ಸೂಜಿ ಗೋಡೆಗೆ ಒರಗಿದ್ದ ಗಂಟುಮೂಟೆಯನ್ನು ಎತ್ತಿಕೊಂಡು, ಸದ್ದು ಮಾಡದೆ, ಮೆಟ್ಟಿಲು ಹತ್ತಿದಳು.